ಬಲಗಡೆ ಬಿದ್ದ ಹೂವು

ಮರಾಮತ್ತು ಇಲಾಖೆಗೆ ಹೊಸದಾಗಿ ಸೇರಿದ ತರುಣರು ಆಗೀಗ ನಮ್ಮ ಮನೆಗೆ ಬರುತ್ತಾರೆ. ಇಸ್ತ್ರಿ ಮಾಡಿದ ಷರಟು, ಜೇಬಿನಲ್ಲಿ ಪೆನ್ನು. ಕಾಫಿ ಕುಡಿದು ಲೋಟ ಕೆಳಗಿಟ್ಟು, ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದ್ದೇನು ಎಂದು ಕೇಳುತ್ತಾರೆ. ಅವರಿಗೆ ಬೇಕಾದ ಉತ್ತರ ನನಗೆ ಗೊತ್ತು. ಪ್ರಾಮಾಣಿಕತೆ, ಶ್ರದ್ಧೆ, ದೈವಭಕ್ತಿ ಎಂದುಬಿಟ್ಟರೆ ತಲೆದೂಗಿ ಸಂತೋಷವಾಗಿ ಎದ್ದು ಹೋಗುತ್ತಾರೆ. ಮಳೆಯಲ್ಲಿ ನೆನೆಯುವುದಕ್ಕೆ ಬೇಸರಪಡದ ಮೈ ಬೇಕು ಎಂದು ನಾನು ಹೇಳುತ್ತೇನೆ. ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಇಷ್ಟು ವರ್ಷ ನೌಕರಿ ಮಾಡಿ ಮುದುಕ ಕಲಿತದ್ದು ಇಷ್ಟೇನೆ ಎಂಬ ಭಾವ ಅವರ ಕಣ್ಣಲ್ಲಿ ಕಾಣುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ರಸ್ತೆ, ಮೋರಿ, ಕೆರೆಗಳನ್ನು ನೋಡಿಕೊಳ್ಳುವ ಓವರ್ಸಿಯರ್ ಆಗಿ ನನ್ನ ಆಯುಸ್ಸು ಸವೆಯಿತು. ಮಹಾರಾಜರ ಸರ್ಕಾರದ ಕಾಲ. ನನಗೆ ಯಾವಾಗ ಬಡ್ತಿಯಾಯಿತು, ಯಾರು ತಡೆದರು ಎಂಬುದರಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ, ಅದನ್ನು ಬಿಡುತ್ತೇನೆ. ಆದರೆ ಒಂದು ಮಾತು. ದೇವರ ಹೆಸರು ಹೇಳಿ ಕೈ ಕಟ್ಟಿ ಕೂತವರನ್ನು ನಾನು ನೋಡಿದಷ್ಟು ಯಾವ ದೇವಸ್ಥಾನದ ಕಂಬವೂ ನೋಡಿರಲಾರದು. ಅವರ ವಿಷಯ ಬರೆದಿಡಬೇಕು. ಹಾಗೆ ಕೂರದ ಒಬ್ಬನನ್ನೂ ನೋಡಿದ್ದೇನೆ. ಅವನ ವಿಷಯವನ್ನೂ ಬರೆಯುತ್ತೇನೆ.

ಮೊದಲು ಒಬ್ಬ ಕಂಟ್ರಾಕ್ಟರು. ನಾನು ಕೆಲಸಕ್ಕೆ ಸೇರಿದ ಹೊಸತು. ಪಿರಿಯಾಪಟ್ಟಣದ ರಸ್ತೆಯ ಮೋರಿಗಳ ಗುತ್ತಿಗೆ ಆತನದು. ಹಣೆ ತುಂಬ ವಿಭೂತಿ, ಬಾಯಿ ತುಂಬ ಶಿವನಾಮ. ಒಂದೊಂದು ಮೋರಿಗೂ ಗಣಪತಿ ಪೂಜೆಯಾಗಬೇಕು, ಈಡುಗಾಯಿ ಒಡೆಯಬೇಕು, ಕೂಲಿಯವರಿಗೆಲ್ಲ ಚರಪು ಹಂಚಬೇಕು. ಆಗ ಇನ್ನೂ ಸಿಮೆಂಟು ಈ ಕಡೆಗೆ ಬಂದಿರಲಿಲ್ಲ. ಎತ್ತು ಕಟ್ಟಿದ ಗಾಣದಲ್ಲಿ ಸುಣ್ಣ ಮರಳು ಅರೆದು ಗಾರೆ ಮಾಡುತ್ತಿದ್ದೆವು. ತೆಂಗಿನಕಾಯಿಗೆ ಧಾರಾಳವಾಗಿದ್ದ ಆತನ ಕೈ ಸುಣ್ಣಕ್ಕೆ ಬಂದಾಗ ಮಾತ್ರ ಹಿಡಿದುಕೊಳ್ಳುತ್ತಿತ್ತು. ಕಟ್ಟಿ ಒಣಗಿದ ಮೋರಿಯ ಸಂದಿಯನ್ನು ಉಗುರಿನಲ್ಲಿ ಕೆರೆದರೆ ಗಾರೆ ಹುರಿಹಿಟ್ಟಿನ ಹಾಗೆ ಉದುರಿತು. ಕಿತ್ತು ಮತ್ತೆ ಕಟ್ಟಿಸಿ ಎಂದೆ. ‘ನಾವೇನು ಸ್ವಾಮಿ, ನಿಮಿತ್ತ ಮಾತ್ರ. ನಿಲ್ಲಿಸೋನು ಅವನು’ ಎಂದು ಆಕಾಶ ತೋರಿಸಿದ. ಹೊಸದಾಗಿ ಬಂದ ಓವರ್ಸಿಯರ್ ನಾಸ್ತಿಕ, ಪೂಜೆ ಮಾಡಿದ ಕಟ್ಟಡಕ್ಕೆ ಉಗುರು ಹಾಕುತ್ತಾನೆ ಎಂದು ಮೇಲಿನವರಿಗೆ ದೂರನ್ನೂ ಹೇಳಿದ.

ಮುಂಗಾರು ಹಿಡಿದ ಮೇಲೆ ಆ ಮೋರಿ ಹೊಗೆಸೊಪ್ಪಿನ ಗಾಡಿಯೊಂದರ ಸಮೇತ ಹಳ್ಳಕ್ಕೆ ಇಳಿಯಿತು. ಗಾಡಿ ಹೊಡೆಯುವವನು ನೀರಿಗೆ ಹಾರಿ, ಮಚ್ಚಿನಲ್ಲಿ ಕಣ್ಣಿ ಕತ್ತರಿಸಿ ಎತ್ತುಗಳನ್ನು ಉಳಿಸಿಕೊಂಡ. ಕಂಟ್ರಾಕ್ಟರು ಬಂದು ಎಲ್ಲ ನೋಡಿ, ಜೀವಕ್ಕೆ ಬರಬೇಕಾದ ಗಂಡಾಂತರ ಗಾಡಿಗೆ ಹೋಯಿತು, ಶಿವ ದೊಡ್ಡವನು ಎಂದು ಕಣ್ಣೀರು ಹಾಕಿದ. ನಮ್ಮ ಮೇಲಿನವರಿಗೆ ಆ ಭಕ್ತಿ ಮೆಚ್ಚಿಕೆಯಾಯಿತು. ಹೊಸ ಮೋರಿಯ ಗುತ್ತಿಗೆಯೂ ಆತನಿಗೇ ಸಿಕ್ಕಿತು. ಆ ಮೋರಿಗೆ ಮಾಡಿದ ಪೂಜೆ ಮೊದಲಿನದಕ್ಕಿಂತ ಜೋರಾಗಿತ್ತು.

ಇನ್ನೊಂದು ಜಾತಿಯವರು ನಮ್ಮ ಸಾಹೇಬರಂಥವರು. ನಾನು ಹೆಗ್ಗಡದೇವನಕೋಟೆಗೆ ಬಂದಾಗ ನನ್ನ ಮೇಲೆ ಇದ್ದ ಅಧಿಕಾರಿ ಹೊರದೇಶದಲ್ಲಿ ಓದಿ ಬಂದವರು. ದೇವರು ದಿಂಡರು ಎಂದರೆ ಅವರಿಗೆ ನಗು. ಹಣೆಯ ಮೇಲೆ ಕುಂಕುಮ ಇಟ್ಟುಕೊಂಡು ಬಂದ ಗುಮಾಸ್ತನನ್ನು ಇಡೀ ಕಚೇರಿಯ ಎದುರಿಗೆ ಹಾಸ್ಯ ಮಾಡುತ್ತಿದ್ದರು. ಲೆಕ್ಕ ಒಂದೇ ಸತ್ಯ ಎಂಬುದು ಅವರ ಮಾತು. ಮಾತು ಒಳ್ಳೆಯದೇ. ಆದರೆ ಲೆಕ್ಕ ಹಾಕಲು ಕೆರೆಯ ತನಕ ಹೋಗಬೇಕು, ಹೋಗಲು ಕೆಸರು ತುಳಿಯಬೇಕು ಎಂಬುದು ಆ ವಿದ್ಯೆಯಲ್ಲಿ ಸೇರಿರಲಿಲ್ಲ.

ಹಂಪಾಪುರದ ಹೋಬಳಿಯಲ್ಲಿ ಒಂದು ಊರು. ಹೆಸರು ಬರೆಯುವುದಿಲ್ಲ. ಅಲ್ಲಿನ ಪಟೇಲರ ಮೊಮ್ಮಕ್ಕಳು ಈಗಲೂ ಇದ್ದಾರೆ, ತಾತನ ಗುಣವೂ ಅವರಲ್ಲಿ ಇದೆ. ಊರ ಮೇಲೆ ದೊಡ್ಡ ಕೆರೆ. ಏರಿಯ ಒಂದು ತುದಿಯಲ್ಲಿ ಬಂಡೆ, ಬಂಡೆಯ ಮೇಲೆ ಏರಿಯಮ್ಮನ ಗುಡಿ. ಗುಡಿಯ ಪಕ್ಕದಲ್ಲೇ ಕೋಡಿ, ಅಂದರೆ ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹೋಗುವ ಜಾಗ. ಏರಿಯ ನಡುಭಾಗದ ಕೆಳಗೆ ತಗ್ಗಿನಲ್ಲಿ ಕೆಳಗೇರಿಯ ಗುಡಿಸಲುಗಳು. ಪಟೇಲರ ಮನೆ ಆಚೆ ದಿಣ್ಣೆಯ ಮೇಲೆ. ಕೆರೆ ಒಡೆದರೂ ಅವರ ಹಟ್ಟಿಯ ಮೆಟ್ಟಿಲು ನೆನೆಯುವಂತಿರಲಿಲ್ಲ.

ಕೋಡಿಯ ನೀರು ಹರಿಯುವ ಹಳ್ಳವನ್ನು ಪಟೇಲರು ವರ್ಷವರ್ಷವೂ ಸ್ವಲ್ಪ ಸ್ವಲ್ಪ ಒತ್ತಿ ಗದ್ದೆ ಮಾಡಿಕೊಂಡಿದ್ದರು. ಗದ್ದೆಯಾದ ಮೇಲೆ ಅಲ್ಲಿಗೆ ನೀರು ನುಗ್ಗಬಾರದಲ್ಲ. ಅದಕ್ಕೆ ಕೋಡಿಗೇ ಕಲ್ಲು ಜೋಡಿಸಿ ಮಣ್ಣು ಮೆತ್ತಿ ಎತ್ತರ ಮಾಡಿಸಿದ್ದರು. ಕೆರೆಯಲ್ಲಿ ನೀರು ಹೆಚ್ಚು ನಿಂತರೆ ಊರಿಗೇ ಒಳ್ಳೆಯದು ಎಂದು ಎಲ್ಲರಿಗೂ ಹೇಳಿದ್ದರು. ನಾನು ಕಣ್ಣಾರೆ ಕಂಡು ಸಾಹೇಬರಿಗೆ ತಿಳಿಸಿದೆ. ಮುಂದಿನ ವರ್ಷ ನೋಡೋಣ ಎಂದರು.

ಮುಂದಿನ ವರ್ಷದವರೆಗೆ ಮಳೆ ಕಾಯಲಿಲ್ಲ. ಆ ಆಷಾಢದಲ್ಲಿ ವೈನಾಡಿನ ಕಡೆಯಿಂದ ಎದ್ದ ಮೋಡ ಬಿಡದೆ ಸುರಿಯಿತು. ಕಪಿಲೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಆ ಊರಿನ ತಳವಾರ ಬೆಳಿಗ್ಗೆ ಕೋಟೆಗೆ ಓಡಿ ಬಂದು, ಏರಿಯ ಕೆಳಗಡೆ ಮಣ್ಣಿನಲ್ಲಿ ನೀರು ಜಿನುಗುತ್ತಿದೆ ಎಂದ. ನಾನು ಮುಸಾಫಿರಿ ಬಂಗಲೆಯಲ್ಲಿದ್ದ ಸಾಹೇಬರ ಬಳಿಗೆ ಹೋದೆ. ಅವರು ಕಿಟಕಿಯಿಂದ ಮಳೆ ನೋಡಿದರು, ತಮ್ಮ ಹೊಳೆಯುವ ಬೂಟು ನೋಡಿಕೊಂಡರು. ಕೆರೆಯನ್ನು ಒಮ್ಮೆಯೂ ನೋಡದೆ ಹಾಕಿದ ಲೆಕ್ಕದ ಪ್ರಕಾರ ಆ ಏರಿಗೆ ಏನೂ ಆಗಬಾರದು ಎಂದರು. ಲೆಕ್ಕ ಹಾಕಿದಾಗ ಕೋಡಿ ತೆರೆದಿತ್ತು, ಈಗ ಮುಚ್ಚಿದೆ ಎಂದು ನಾನು ಹೇಳಿದೆ. ಅವರು ಕಿಟಕಿ ಮುಚ್ಚಿ, ‘ಹೋಗಿ ನೋಡಿ. ದೇವರಿದ್ದಾನೆ’ ಎಂದರು. ಅವರ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಬೂಟು ನೆನೆಯುವ ಹೊತ್ತು ಬಂದರೆ ಎಂಥವರಿಗೂ ದೇವರ ನೆನಪಾಗುತ್ತದೆ.

ಬೈಸಿಕಲ್ಲನ್ನು ಅರ್ಧ ದಾರಿ ತುಳಿದು, ಅರ್ಧ ದಾರಿ ಹೊತ್ತು ಊರು ಸೇರಿದೆ. ಕೆರೆಯ ನೀರು ಏರಿಯ ನೆತ್ತಿಯ ಹತ್ತಿರಕ್ಕೆ ಬಂದಿತ್ತು. ನಡುಭಾಗದಲ್ಲಿ ಹೊರಮೈ ಮಣ್ಣು ಕುಸಿದು, ಜಿನುಗುವ ನೀರು ಕದಡಿಕೊಂಡು ಬರುತ್ತಿತ್ತು. ತಿಳಿನೀರು ಜಿನುಗಿದರೆ ಒಂದು ದಿನ ತಡೆಯಬಹುದು, ಕದಡಿದ ನೀರು ಬಂದರೆ ಒಳಗೆ ಏರಿಯೇ ಕರಗುತ್ತಿದೆ ಎಂದು ಅರ್ಥ. ಹೊಸಬರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಊರಿನ ಗಂಡಸರೆಲ್ಲ ಎಲ್ಲಿ ಎಂದು ನೋಡಿದರೆ ಗುಡಿಯ ಮುಂದೆ ನೆರೆದಿದ್ದರು. ಕೋಡಿಗೆ ಅಡ್ಡ ಕಟ್ಟಿದ್ದನ್ನು ಈಗಲೇ ಕೀಳಬೇಕು, ಕುಸಿದ ಕಡೆಗೆ ಹುಲ್ಲು ಮಣ್ಣು ತುಂಬಬೇಕು, ಕೆಳಗೇರಿಯವರನ್ನು ಮೇಲಕ್ಕೆ ಕರೆತರಬೇಕು ಎಂದು ನಾನು ಕೂಗಿ ಹೇಳಿದೆ. ಪಟೇಲರು ಜರಿಯಂಚಿನ ಪಂಚೆಯುಟ್ಟು ಕೊಡೆಯ ಕೆಳಗೆ ನಿಂತಿದ್ದರು. ಬಹಳ ಸೌಮ್ಯವಾಗಿ ಮಾತಾಡಿದರು.

‘ಸ್ವಾಮಿ, ಏರಿ ಸರ್ಕಾರದ್ದೇ ಇರಬೌದು. ಕೆರೆ ಅಮ್ಮಂದು. ಅವಳ್ನ ಒಂದು ಮಾತು ಕೇಳ್ದೆ ನಾವು ಗುದ್ದಲಿ ಮುಟ್ಟಾಕಿಲ್ಲ. ಹೂ ಕೇಳ್ತೀವಿ. ಕಾಯ್ತೀನಿ ಅಂತ ಬಲಗಡೆ ಕೊಟ್ರೆ, ಕೋಡಿ ತಂಟೆಗೆ ಯಾರೂ ಓಗಬಾರ್ದು.’

ಆ ಸೀಮೆಯಲ್ಲಿ ದೇವರ ಅಪ್ಪಣೆ ಕೇಳುವ ರೀತಿ ಅದು. ವಿಗ್ರಹದ ಮೇಲೆ ನೆನೆಸಿದ ಹೂ ಅಂಟಿಸಿ ಕಾಯುತ್ತಾರೆ. ಬಲಗಡೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ. ಪಟೇಲರು ಪ್ರಶ್ನೆಯನ್ನು ಎಷ್ಟು ಜಾಣತನದಿಂದ ಕಟ್ಟಿದ್ದರು ನೋಡಿ. ತಮ್ಮ ಗದ್ದೆ ಉಳಿಯುತ್ತದೆಯೇ ಎಂದು ಕೇಳಿದ್ದರೆ ಜನ ನಗುತ್ತಿದ್ದರು. ಅಮ್ಮ ಕಾಯುತ್ತಾಳೆಯೇ ಎಂದು ಕೇಳಿದರೆ ಎಲ್ಲರೂ ಕೈ ಮುಗಿಯುತ್ತಾರೆ.

ಗುಡಿಯಲ್ಲಿ ಪೂಜೆ ಮಾಡುವ ತಮ್ಮಡಿ ಸಿದ್ದಯ್ಯ ಎಂಬಾತ. ನಡುವಯಸ್ಸಿನ, ಕಡ್ಡಿಯಂಥ ಮನುಷ್ಯ, ಮಾತು ಕಡಿಮೆ. ನಾನು ಅವನನ್ನು ಅದಕ್ಕೆ ಮುಂಚೆ ಗಮನಿಸಿ ನೋಡಿದವನಲ್ಲ. ತಮ್ಮಡಿ ಎಂದರೆ ಪಟೇಲರ ಬಾಲ ಎಂದೇ ನನ್ನ ಎಣಿಕೆ. ಅವನು ಹೂವಿಟ್ಟು ಕಣ್ಣು ಮುಚ್ಚಿ ಕೂತ. ನಾನು ಮಳೆಯಲ್ಲಿ ಹಲ್ಲು ಕಡಿಯುತ್ತ ನಿಂತೆ. ಹೂ ಬಲಗಡೆಗೇ ಬಿತ್ತು.

ಜನರ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಮರೆಯಲಾರೆ. ಆ ನೆಮ್ಮದಿಗಿಂತ ಭಯವೇ ಒಳ್ಳೆಯದಾಗಿತ್ತು. ಭಯಪಟ್ಟವನು ಓಡಿಯಾದರೂ ಓಡುತ್ತಾನೆ. ಪಟೇಲರು ಕೆನ್ನೆ ಬಡಿದುಕೊಂಡು, ಅಮ್ಮ ಮಾತು ಕೊಟ್ಟಳು, ಇನ್ನು ಎಲ್ಲರೂ ಮನೆಗೆ ಹೋಗಿ ಎಂದರು. ಜನ ಕದಲತೊಡಗಿದರು. ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ. ಸರ್ಕಾರದ ಟೋಪಿ ಹಾಕಿಕೊಂಡವನೊಬ್ಬ ಅಮ್ಮನ ಮಾತಿನ ಎದುರಿಗೆ ಎಷ್ಟರವನು?

ಆಗ ಸಿದ್ದಯ್ಯ ಗರ್ಭಗುಡಿಯಿಂದ ಹೊರಗೆ ಬಂದ. ಹೆಗಲ ಮೇಲಿನ ವಸ್ತ್ರವನ್ನು ತಲೆಗೆ ಸುತ್ತಿ, ಗೋಡೆಗೆ ಒರಗಿಸಿದ್ದ ಹಾರೆಯನ್ನು ಎತ್ತಿಕೊಂಡ. ಎಲ್ಲಿಗೆ ಎಂದು ಪಟೇಲರು ಕೇಳಿದರು. ಕೋಡಿಗೆ ಎಂದ. ಹೂ ಬಿದ್ದದ್ದು ಕಾಣಲಿಲ್ಲವೇ ಎಂದು ಅವರು ಗದರಿದರು.

‘ಕಂಡೆ ಗೌಡ್ರೇ’ ಎಂದ ಸಿದ್ದಯ್ಯ. ‘ಅಮ್ಮ ಕಾಯ್ತೀನಿ ಅಂದವ್ಳೆ. ಆದ್ರೆ ಅವಳು ಪೀಠ ಬುಟ್ಟು ಎದ್ದು ಬಂದು ಮಣ್ಣು ಹೊರಾಕಿಲ್ಲ. ಹೊರೋ ಕೈಯ ನಮಗೆ ಕೊಟ್ಟವ್ಳೆ. ಈಗ ನಾವು ಮನೇಗೋಗಿ ಮನೀಕಂಡ್ರೆ, ಅವಳು ಕೊಟ್ಟ ಮಾತ ನಾವೇ ಸುಳ್ಳು ಮಾಡ್ದಂಗಾಯ್ತದೆ.’

ಪಟೇಲರ ಸೌಮ್ಯತೆ ಅಲ್ಲಿಗೆ ಮುಗಿಯಿತು.

‘ಕೋಡಿ ಕಿತ್ರೆ ಮೊದ್ಲು ಕೊಚ್ಕಂಡೋಗೋದು ಯಾರ ಗದ್ದೆ, ಗೊತ್ತೇನ್ಲಾ?’

‘ಗೊತ್ತು. ನಂದೇಯ. ಅದ್ಕೇ ಮೊದಲ್ನೇ ಏಟು ನಾನು ಹಾಕ್ತೀನಿ. ಎರಡ್ನೇದು ನಿಮ್ಮ ಗದ್ದೆ. ನೀವೂ ಬನ್ನಿ.’

ಗುಡಿಯ ಪೂಜೆಗೆಂದು ಹಿಂದಿನವರು ಬಿಟ್ಟುಕೊಟ್ಟಿದ್ದ ಆ ತುಂಡು ಗದ್ದೆ ಕೋಡಿಯ ಬಾಯಿಗೇ ಇತ್ತು. ಅದು ಬಿಟ್ಟರೆ ಸಿದ್ದಯ್ಯನಿಗೆ ಬೇರೆ ನೆಲವಿರಲಿಲ್ಲ. ನಾಟಿ ಮಾಡಿ ಪೈರು ಆಗಷ್ಟೇ ಹಸಿರು ಹಿಡಿದಿತ್ತು. ಅವನ ಹೆಂಡತಿ ಮಾದಮ್ಮ ಅಲ್ಲೇ ನಿಂತಿದ್ದಳು. ಅವಳು ಒಮ್ಮೆ ಗದ್ದೆಯ ಕಡೆ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗೇರಿಯ ಕಡೆಗೆ ಇಳಿದು ಹೋದಳು.

ಸಿದ್ದಯ್ಯನ ಹಿಂದೆ ಮೊದಲು ತಳವಾರ ಹೋದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಪಟೇಲರ ಮನೆಯ ಆಳುಗಳೂ ಹೋದರು. ಪಟೇಲರು ಕೊಡೆ ಹಿಡಿದುಕೊಂಡು ಒಬ್ಬರೇ ನಿಂತರು. ಅವರನ್ನು ಮಾತಾಡಿಸಲು ನನಗೆ ಪುರುಸೊತ್ತಿರಲಿಲ್ಲ.

ಸಿದ್ದಯ್ಯನ ಸೊಂಟಕ್ಕೆ ಹಗ್ಗ ಕಟ್ಟಿಸಿ, ಅದರ ತುದಿಯನ್ನು ಬಂಡೆಯ ಮೇಲೆ ನಿಂತವರ ಕೈಗೆ ಕೊಟ್ಟೆ. ಹಗ್ಗ ಬೇಡ, ಅಮ್ಮ ಇದ್ದಾಳೆ ಎಂದು ಅವನೇನೂ ಹೇಳಲಿಲ್ಲ. ಗಂಟು ಗಟ್ಟಿಯಾಗಿದೆಯೇ ಎಂದು ತಾನೇ ಎಳೆದು ನೋಡಿಕೊಂಡ. ಆ ಒಂದು ಗಳಿಗೆಯಲ್ಲಿ ನನಗೆ ಅವನ ಭಕ್ತಿಯ ಮೇಲೆ ನಂಬಿಕೆ ಬಂತು. ಜೋಡಿಸಿದ ಕಲ್ಲುಗಳಲ್ಲಿ ಮೇಲಿನ ಸಾಲು ಸುಲಭವಾಗಿ ಬಂತು. ಕೆಳಗಿನ ಸಾಲಿಗೆ ಹಾರೆ ಹಾಕಿ ಮೀಟಿದಾಗ ಇಡೀ ಅಡ್ಡಗಟ್ಟೆಯೇ ಒಮ್ಮೆಗೆ ಕಿತ್ತುಕೊಂಡಿತು. ಸಿದ್ದಯ್ಯ ಕಾಣದೆ ಹೋದ. ಬಂಡೆಯ ಮೇಲಿದ್ದವರು ಹಗ್ಗ ಎಳೆದು ಅವನನ್ನು ದಡಕ್ಕೆ ತಂದಾಗ ಒಂದು ಪಾದ ಕಲ್ಲಿಗೆ ಸಿಕ್ಕಿ ಜಜ್ಜಿಹೋಗಿತ್ತು. ಅವನು ಕೆಮ್ಮಿ ನೀರು ಕಕ್ಕಿ, ಮೊದಲು ನೋಡಿದ್ದು ತನ್ನ ಗದ್ದೆಯನ್ನು. ಗದ್ದೆ ಇರಲಿಲ್ಲ. ಕೆಂಪು ನೀರು ಅದರ ಮೇಲೆ ಹಾಯ್ದು ಪಟೇಲರ ಗದ್ದೆಗಳ ಮೇಲೆ ಹರಡಿ ಹೋಗುತ್ತಿತ್ತು. ‘ದಾರಿ ಆಯ್ತಲ್ಲ’ ಎಂದಷ್ಟೇ ಹೇಳಿ, ಏರಿಯ ಕಡೆಗೆ ಕೈ ತೋರಿಸಿ ನನ್ನನ್ನು ಅತ್ತ ಕಳಿಸಿದ.

ಏರಿಯ ಮೇಲೆ ಮಿಕ್ಕವರು ಗೋಣಿಚೀಲಕ್ಕೆ ಮಣ್ಣು ತುಂಬುತ್ತಿದ್ದರು. ಹುಲ್ಲು ಬೇಕಾಯಿತು. ಹತ್ತಿರದಲ್ಲಿದ್ದದ್ದು ಪಟೇಲರ ಬಣವೆ. ಅವರನ್ನು ಕೇಳುವುದಕ್ಕೆ ಅವರದೇ ಆಳುಗಳಿಗೂ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಹೊರೆ ಹೊರೆ ತಂದು ಕುಸಿದ ಜಾಗಕ್ಕೆ ಹಾಸಿ, ಮೇಲೆ ಚೀಲ ಜೋಡಿಸಿ, ತುಳಿದು ತುಳಿದು ಕೂರಿಸಿದೆವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೆರೆಯ ನೀರು ಏರಿಯ ಕಲ್ಲಿನ ಮೇಲೆ ಒದ್ದೆ ಗೆರೆ ಬಿಟ್ಟು ತಗ್ಗತೊಡಗಿತು. ಜಿನುಗುವ ನೀರು ಸಂಜೆಗೆ ತಿಳಿಯಾಯಿತು.

ನಾನು ಗುಡಿಯ ಹತ್ತಿರ ಮರಳಿದಾಗ ಅಲ್ಲೊಂದು ತಕರಾರು ನಡೆದಿತ್ತು. ಮಾದಮ್ಮ ಕೆಳಗೇರಿಯ ಮುದುಕರು, ಮಕ್ಕಳು, ಹೆಂಗಸರನ್ನೆಲ್ಲ ಕರೆತಂದು ಗುಡಿಯ ಜಗಲಿಯ ಮೇಲೆ ಕೂರಿಸಿದ್ದಳು. ಅವರು ಎಂದೂ ಕಾಲಿಡದ ಜಾಗ ಅದು. ಸಾಲದ್ದಕ್ಕೆ ಒಬ್ಬಳು ಹಸಿ ಬಾಣಂತಿ, ಮಡಿಲಲ್ಲಿ ಕೂಸು. ಪಟೇಲರಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ಗುಡಿ ಮೈಲಿಗೆಯಾಯಿತು, ಬಾಣಂತಿಯನ್ನಾದರೂ ಕೆಳಗಿಳಿಸು ಎಂದು ಅಬ್ಬರಿಸುತ್ತಿದ್ದರು. ಮಾದಮ್ಮ ಆ ಕೂಸಿನ ತಲೆಗೆ ಒಣ ಬಟ್ಟೆ ಸುತ್ತುತ್ತಿದ್ದಳು. ತಲೆಯೆತ್ತಿ ನೋಡಲೂ ಇಲ್ಲ.

‘ಒಳಗಿರೋಳ್ನ ಅಮ್ಮ ಅಂತ ತಾನೆ ಕರೆಯೋದು ಗೌಡ್ರೇ’ ಎಂದಳು.

ಪಟೇಲರು ಕೊಡೆ ಬಿಚ್ಚಿಕೊಂಡು ಮನೆಯ ಕಡೆಗೆ ಹೋದರು.

ಮಳೆ ನಿಂತ ಮೇಲೆ ಯಾರು ಯಾರು ಕೆರೆಯನ್ನು ಉಳಿಸಿದರು ಎಂಬುದು ಗೊತ್ತಾಯಿತು. ಪಟೇಲರು ಏರಿಯಮ್ಮನಿಗೆ ದೊಡ್ಡ ಪೂಜೆ ಮಾಡಿಸಿದರು. ತಾವು ಹೂ ಕೇಳಿಸಿದ್ದರಿಂದಲೇ ಊರು ಉಳಿಯಿತು ಎಂದು ಅನ್ನ ಬಡಿಸುತ್ತಾ ಎಲೆಯೆಲೆಗೂ ಹೇಳಿದರು. ಕೆಳಗೇರಿಯವರಿಗೆ ದೂರದಲ್ಲಿ ಪಂಕ್ತಿ. ರಸ್ತೆ ಒಣಗಿದ ಮೇಲೆ ನಮ್ಮ ಸಾಹೇಬರು ಮೋಟಾರಿನಲ್ಲಿ ಬಂದರು. ಏರಿಯ ಮೇಲೆ ಅಡ್ಡಾಡಿ, ಒಡೆದಿಲ್ಲ ತಾನೆ, ನನ್ನ ಲೆಕ್ಕ ಸರಿಯಾಗಿಯೇ ಇತ್ತು ಎಂದರು. ದೇವರ ಮಾತು ಮತ್ತೆ ಎತ್ತಲಿಲ್ಲ. ಪಟೇಲರಿಗೂ ಸಾಹೇಬರಿಗೂ ಅಂದು ಬಹಳ ಹೊಂದಿಕೆಯಾಯಿತು. ಅಪ್ಪಣೆಯಿಲ್ಲದೆ ಕೋಡಿ ಒಡೆಸಿ ರೈತರ ಪೈರು ಹಾಳು ಮಾಡಿದ ಓವರ್ಸಿಯರ್ ಆ ತಾಲ್ಲೂಕಿನಲ್ಲಿ ಇರುವುದು ಬೇಡ ಎಂದು ಇಬ್ಬರೂ ಒಪ್ಪಿದರು. ನನ್ನನ್ನು ಹುಣಸೂರಿಗೆ ಎತ್ತಿ ಹಾಕಿದರು. ಲಕ್ಷ್ಮಣತೀರ್ಥದ ದಂಡೆಯಲ್ಲಿ ರಸ್ತೆಗೆ ಜಲ್ಲಿ ಹೊಡೆಸುತ್ತ ಮುಂದಿನ ಬೇಸಿಗೆಯವರೆಗೆ ಇದ್ದೆ.

ಆಮೇಲೆ ಸಿಮೆಂಟು ಬಂತು, ಗಾರೆಯ ಗಾಣಗಳು ಮೂಲೆ ಸೇರಿದವು, ಓವರ್ಸಿಯರುಗಳಿಗೆ ಮೋಟಾರ್ ಸೈಕಲ್ಲು ಬಂತು. ಸಿಮೆಂಟಿಗೆ ಮೂರು ಪಾಲು ಹೆಚ್ಚು ಮರಳು ಬೆರೆಸಿ ಕಾಯಿ ಒಡೆಯುವವರು ಮಾತ್ರ ಹಾಗೆಯೇ ಉಳಿದರು. ಅವರಿಗೆ ಯಾವ ಹೊಸ ಪದ್ಧತಿಯೂ ತಟ್ಟಲಿಲ್ಲ.

ಇದೆಲ್ಲ ಬರುವುದಕ್ಕೆ ಮುಂಚೆ, ಹುಣಸೂರಿನ ಆ ಬೇಸಿಗೆಯಲ್ಲಿ, ಏನೋ ಕೆಲಸಕ್ಕೆ ಕೋಟೆಗೆ ಹೋದವನು, ಸಿದ್ದಯ್ಯನನ್ನು ನೋಡಿಕೊಂಡು ಬರೋಣ ಎಂದು ಹಂಪಾಪುರದ ಬಸ್ಸು ಹತ್ತಿದೆ. ಕೋಟು, ಬೂಟು, ಕೈಯಲ್ಲಿ ಕೊಡೆ. ಅವನು ಗುಡಿಯಲ್ಲಿರಲಿಲ್ಲ. ಬೆಳಗಿನ ಪೂಜೆ ಮುಗಿಸಿ ಗದ್ದೆಗೆ ಹೋಗಿದ್ದಾನೆ ಎಂದರು. ಗದ್ದೆ ಎನ್ನುವಂಥದ್ದು ಅಲ್ಲಿ ಏನಿತ್ತು? ಮೊಣಕಾಲುದ್ದ ಮರಳು. ಸಿದ್ದಯ್ಯ ಕುಂಟುತ್ತ ಸನಿಕೆಯಲ್ಲಿ ಮರಳು ಬಾಚಿ ಮಂಕರಿಗೆ ತುಂಬುತ್ತಿದ್ದ. ಮಾದಮ್ಮ ಹೊತ್ತುಕೊಂಡು ಹೋಗಿ ಆಚೆ ದಿಣ್ಣೆಗೆ ಸುರಿದು ಬರುತ್ತಿದ್ದಳು. ಒಂದು ಮೂಲೆಯಲ್ಲಿ ಹಾಸಿಗೆಯಗಲದಷ್ಟು ಕಪ್ಪು ಮಣ್ಣು ಮೇಲೆ ಕಂಡಿತ್ತು. ಕೆಳಗೇರಿಯ ಕೆಲವರು ಬಿಡುವಾದಾಗ ಬಂದು ಕೈಹಾಕುತ್ತಾರಂತೆ. ಪಟೇಲರ ಕಡೆಯಿಂದ ಯಾರೂ ಬರಲಿಲ್ಲವಂತೆ. ಅದನ್ನು ಮಾದಮ್ಮ ಹೇಳಿದಳು, ಸಿದ್ದಯ್ಯ ಹೇಳಲಿಲ್ಲ.

ಬದುವಿನ ಮೇಲೆ ಕೊಡೆ ಬಿಚ್ಚಿಕೊಂಡು ನಿಂತು, ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಮಾತನ್ನೇ ನಾನೂ ಹೇಳಿದೆ.

‘ದೇವರು ದೊಡ್ಡವನು ಸಿದ್ದಯ್ಯ. ನಿನಗೆ ಒಳ್ಳೇದು ಮಾಡೇ ಮಾಡ್ತಾನೆ.’

ಸಿದ್ದಯ್ಯ ಸನಿಕೆಯನ್ನು ಮರಳಿಗೆ ಚುಚ್ಚಿ ನಿಲ್ಲಿಸಿ, ಬೆವರು ಒರೆಸಿಕೊಂಡ. ನನ್ನನ್ನೂ ನನ್ನ ಕೊಡೆಯನ್ನೂ ನೋಡಿದ. ಅವನ ಮುಖದಲ್ಲಿ ಕುಹಕವಿರಲಿಲ್ಲ.

‘ಮಾಡ್ತಾನೆ ಸ್ವಾಮಿ. ಅದ್ರಾಗೆ ಅನುಮಾನ ಇಲ್ಲ’ ಎಂದ. ತುಂಬಿದ್ದ ಮಂಕರಿಯನ್ನು ಎರಡು ಕೈಯಲ್ಲಿ ಎತ್ತಿ ನನ್ನ ಕಡೆಗೆ ಹಿಡಿದ. ‘ಮಾದಮ್ಮ ಸೋತವ್ಳೆ. ಇದ ಆ ದಿಣ್ಣೆಗಂಟ ಕೊಂಡೋಗಿ ಸುರ್ದು ಬನ್ನಿ.’

ಕೊಡೆ ಮಡಿಸಿ, ಕೋಟು ಬಿಚ್ಚಿ ಬದುವಿನ ಮೇಲಿಟ್ಟು, ಬಗ್ಗಿ ಮಂಕರಿಗೆ ತಲೆ ಕೊಟ್ಟೆ.